ದುರ್ದಿನವೂ ಸುದಿನವೂ: ಘಟಪ್ರಭೆಯ ನಾಡಿನ ಮೋಡ ಕವಿದ ಹಗಲುಗಳು

ಅಮರಕೋಶದಲ್ಲಿ 'ದುರ್ದಿನ' ಎಂದರೆ ಮೋಡ ಮುಚ್ಚಿದ ಹಗಲು. ಆ ಪದ ಕನ್ನಡದಲ್ಲಿ ಬಳಕೆಗೊಳ್ಳುತ್ತ ಮೋಡವನ್ನು ಬಿಟ್ಟುಕೊಟ್ಟು, ಕೆಟ್ಟ ದಿನ ಎಂಬ ಅರ್ಥವನ್ನಷ್ಟೇ ಉಳಿಸಿಕೊಂಡಿತು. ಕನ್ನಡದ ದಿನಬಳಕೆಯ ಮಾತೂ ಹವೆಯನ್ನು ಮನಸ್ಸಿನಿಂದ ಬೇರ್ಪಡಿಸುವುದಿಲ್ಲ: ಮೋಡ ಕವಿಯುವಂತೆಯೇ ಮಂಕೂ ಕವಿಯುತ್ತದೆ, ಮುಗಿಲು ತಿಳಿಯಾಗುವಂತೆಯೇ ಮನಸ್ಸೂ ತಿಳಿಯಾಗುತ್ತದೆ. ಆದರೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಎರೆಹೊಲದ ಬದುವಿನಲ್ಲಿ ನಿಂತವರಿಗೆ ಕಪ್ಪುಮುಗಿಲು ಯಾವ ಭಾವವನ್ನು ತರುತ್ತದೆ ಎಂಬುದು ಬೆಳಕಿನ ಪ್ರಮಾಣವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಆ ಮೋಡ ಯಾವ ತಿಂಗಳಲ್ಲಿ ಬಂತು, ಹೊಲದಲ್ಲಿ ಏನಿದೆ, ಹೊಳೆ ಎಲ್ಲಿಯವರೆಗೆ ಏರಿದೆ ಎಂಬ ಪ್ರಶ್ನೆಗಳೂ ಅದರೊಡನೆ ಬೆರೆತಿರುತ್ತವೆ.

ಈ ನಾಡಿನ ಮಬ್ಬಿಗೆ ಒಂದು ವಿಶೇಷ ಲಕ್ಷಣವಿದೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಸಹ್ಯಾದ್ರಿಯನ್ನು ಏರುವಾಗ ತಣಿದು, ತಮ್ಮ ನೀರಿನ ಬಹುಪಾಲನ್ನು ಅಲ್ಲಿಯೇ ಸುರಿದು, ಹಗುರಾಗಿ ಪೂರ್ವದ ಬಯಲಿಗೆ ಇಳಿಯುತ್ತವೆ. ಹೀಗೆ ಬೆಟ್ಟದ ಮರೆಯಲ್ಲಿ ಮಳೆ ಕಡಿಮೆಯಾಗುವ ಸೀಮೆಯನ್ನು ಮಳೆನೆರಳಿನ ಪ್ರದೇಶ ಎನ್ನುತ್ತಾರೆ. ಗಡಿಯಾಚೆಯ ಅಂಬೋಲಿ ಘಟ್ಟದಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ, ಅಲ್ಲಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಗೋಕಾಕದಲ್ಲಿ ಬೀಳುವುದು ಅದರ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದ ಆಷಾಢದಲ್ಲಿ ಇಲ್ಲಿ ಮುಗಿಲು ಮುಚ್ಚಿಯೇ ಇರುತ್ತದೆ, ಗಾಳಿ ಬೀಸುತ್ತಲೇ ಇರುತ್ತದೆ, ಜಿಟಿಜಿಟಿ ಹನಿ ಬಿದ್ದು ನಿಲ್ಲುತ್ತದೆ. ನೆಲ ಮಾತ್ರ ನೆನೆಯುವುದಿಲ್ಲ. ಸುರಿಯದೆ ಹಾದುಹೋಗುವ ಆ ಮೋಡದ ಕೆಳಗೆ ಬಿತ್ತಿ ಕುಳಿತವರ ಬೇಸರವನ್ನು ಕತ್ತಲೆಯ ಬೇಸರವೆಂದು ಕರೆಯುವುದು ತಪ್ಪು, ಏಕೆಂದರೆ ಅದು ಮಾತು ಕೊಟ್ಟು ತಪ್ಪಿದವರ ಮೇಲೆ ಹುಟ್ಟುವ ಬೇಸರ.

ಆದರೂ ಘಟ್ಟದಲ್ಲಿ ಬಿದ್ದ ಮಳೆ ಹೊಳೆಯ ದಾರಿಯಿಂದ ಇಲ್ಲಿಗೆ ಬಂದೇ ಬರುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಸುಮಾರು 51 ಟಿಎಂಸಿ ಸಾಮರ್ಥ್ಯದ ರಾಜಾ ಲಖಮಗೌಡ ಜಲಾಶಯವನ್ನು ತುಂಬಿ, ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿಯನ್ನು ಕೂಡಿಸಿಕೊಂಡು, ಗೋಕಾಕ ಫಾಲ್ಸ್‌ನಲ್ಲಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಬೇಸಿಗೆಯಲ್ಲಿ ಬರಿಯ ಬಂಡೆಯಾಗಿ ಕಾಣುವ ಆ ಕಡಿದಾದ ಅಂಚು ಮೈದುಂಬಿ ಕೆಮ್ಮಣ್ಣಿನ ಬಣ್ಣ ತಾಳುವುದು ಸೂರ್ಯ ಮರೆಯಾದ ದಿನಗಳಲ್ಲಿಯೇ; ಜನ ಗುಂಪುಗುಂಪಾಗಿ ಅದನ್ನು ನೋಡಲು ಹೊರಡುವುದೂ ಆ ದಿನಗಳಲ್ಲಿಯೇ. 1885ರಲ್ಲಿ ಆರಂಭವಾದ ಅಲ್ಲಿನ ನೂಲಿನ ಗಿರಣಿ ಈ ನೀರಿನ ಬಲವನ್ನೇ ನೆಚ್ಚಿ ನಿಂತಿತ್ತು ಎಂಬುದನ್ನು ನೆನೆದರೆ, ಮಬ್ಬುಗವಿದ ತಿಂಗಳುಗಳೇ ಎಷ್ಟೋ ಮನೆಗಳ ಒಲೆ ಉರಿಸಿದವು ಎನ್ನಬಹುದು.

ಹಾಗೆಂದ ಮಾತ್ರಕ್ಕೆ ದೇಹದ ಮೇಲೆ ಮಬ್ಬಿನ ಪರಿಣಾಮವಿಲ್ಲವೆಂದಲ್ಲ. ಕಣ್ಣಿಗೆ ಬೀಳುವ ಹಗಲಿನ ಬೆಳಕು ಮಿದುಳಿನೊಳಗಿನ ದಿನಚಕ್ರದ ಗಡಿಯಾರವನ್ನು ಸರಿಪಡಿಸುತ್ತದೆ, ಕತ್ತಲಾದಾಗ ಒಸರಿ ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ತಡೆಯುತ್ತದೆ. ಚಳಿಗಾಲದಲ್ಲಿ ಹಗಲು ಬಹಳ ಕಿರಿದಾಗುವ ದೇಶಗಳಲ್ಲಿ ವರ್ಷವರ್ಷವೂ ಅದೇ ಋತುವಿನಲ್ಲಿ ಮರಳುವ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಋತುಸಂಬಂಧಿ ಖಿನ್ನತೆ ಎಂದು ವಿವರಿಸಿದರು. 10,000 ಲಕ್ಸ್ ಪ್ರಖರತೆಯ ದೀಪದೆದುರು ಬೆಳಗ್ಗೆ ಅರ್ಧ ಗಂಟೆ ಕೂರಿಸುವುದು ಅದರ ಚಿಕಿತ್ಸೆಗಳಲ್ಲೊಂದು. ಲಕ್ಸ್ ಎಂದರೆ ಒಂದು ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ. 16 ಡಿಗ್ರಿ ಉತ್ತರ ಅಕ್ಷಾಂಶದ ಗೋಕಾಕದಲ್ಲಿ ಅತಿ ದೀರ್ಘ ಹಗಲಿಗೂ ಅತಿ ಕಿರಿಯ ಹಗಲಿಗೂ ಇರುವ ಅಂತರ ಸುಮಾರು ಎರಡು ತಾಸು ಮಾತ್ರ, ಅದರ ಮೇಲೆ ಇಲ್ಲಿ ಮೋಡ ದಟ್ಟೈಸುವುದು ಹಗಲು ದೀರ್ಘವಾಗಿರುವ ಕಾಲದಲ್ಲಿ. ಆದಕಾರಣ ಶೀತದೇಶಗಳ ಆ ವಿವರಣೆಯನ್ನು ಇಲ್ಲಿಗೆ ಇದ್ದಂತೆಯೇ ಹೊಂದಿಸಲಾಗದು. ಹೆಚ್ಚು ಗಮನಿಸಬೇಕಾದುದು ಮನೆಯೊಳಗಿನ ಕತ್ತಲೆಯನ್ನು. ದಪ್ಪ ಗೋಡೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮಳೆ ಬಂದೊಡನೆ ಬೆಳಕಿಂಡಿಯನ್ನು ಮುಚ್ಚುತ್ತಾರೆ, ಒಳಗೆ ಉಳಿಯುವುದು ಅತ್ಯಲ್ಪ ಬೆಳಕು. ಅದೇ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ, ಮೋಡ ಮುಚ್ಚಿದ್ದರೂ, ಸಾವಿರಾರು ಲಕ್ಸ್ ಬೆಳಕು ಇರುತ್ತದೆ. ಮುದುಕರು ಹನಿ ನಿಂತೊಡನೆ ಕಟ್ಟೆಗೆ ಬಂದು ಕೂರುವುದರಲ್ಲಿ ಅನುಭವದ ವಿವೇಕವಿದೆ.

ಅದಕ್ಕಿಂತ ದೊಡ್ಡ ವಿವೇಕ ಪಂಚಾಂಗದಲ್ಲಿದೆ. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಕೂರಿಸಿ ಹಾಡುವುದು, ಶ್ರಾವಣದ ಪಂಚಮಿಗೆ ಅಣ್ಣತಮ್ಮಂದಿರು ತವರಿಗೆ ಕರೆತಂದ ಅಕ್ಕತಂಗಿಯರು ಉಂಡಿ ಹಂಚಿ ಜೋಕಾಲಿ ಜೀಕುವುದು, ತಿಂಗಳುದ್ದಕ್ಕೂ ಮಠಗಳಲ್ಲಿ ಪುರಾಣ ಪ್ರವಚನ ನಡೆಯುವುದು, ಇವೆಲ್ಲ ವರ್ಷದ ಅತ್ಯಂತ ಮಬ್ಬಿನ ವಾರಗಳಲ್ಲಿ ಒಟ್ಟುಗೂಡಿರುವುದು ಯಾರದೋ ಲೆಕ್ಕಾಚಾರವಿರಲಾರದು. ಫಲವಂತೂ ಕಣ್ಣಮುಂದಿದೆ, ಮನುಷ್ಯ ಒಂಟಿಯಾಗಿ ಮುದುಡಿ ಕೂರುವ ಹೊತ್ತಿಗೇ ಅವನ ಸುತ್ತ ಜನ ಸೇರಿರುತ್ತಾರೆ.

2019ರ ಆಗಸ್ಟ್ ಮೋಡದೊಡನೆ ಜನರಿಗಿದ್ದ ಈ ನಂಟಿಗೆ ಗಾಯ ಮಾಡಿತು. ಘಟಪ್ರಭೆಯೂ ಮಾರ್ಕಂಡೇಯ ನದಿಯೂ ಒಟ್ಟಿಗೆ ಉಕ್ಕಿ, ಲೋಳಸೂರ ಸೇತುವೆ ಮುಳುಗಿ, ಗೋಕಾಕ ನಗರದೊಳಗೆ ನೀರು ನುಗ್ಗಿದ ಮೇಲೆ, ಹೊಳೆದಂಡೆಯ ಓಣಿಗಳಲ್ಲಿ ಕಪ್ಪುಮುಗಿಲಿಗೆ ಹೊಸ ಅರ್ಥ ಸೇರಿತು. ಆಘಾತದ ಕ್ಷಣದಲ್ಲಿ ಜೊತೆಗಿದ್ದು, ಮತ್ತೆ ಎದುರಾದಾಗ ಭಯವನ್ನೂ ಮರಳಿ ತರುವ ಸದ್ದು, ವಾಸನೆ, ಬಣ್ಣಗಳನ್ನು ಮನೋವಿಜ್ಞಾನ ಆಘಾತದ ಪ್ರಚೋದಕಗಳು ಎನ್ನುತ್ತದೆ. ಅಂಥವರಿಗೆ ಮಳೆಯ ಸದ್ದನ್ನು ಸವಿಯಿರಿ ಎನ್ನುವುದು ಕ್ರೌರ್ಯ. ಎರಡು ವಾರ ಮೀರಿಯೂ ಬಿಡದ ಖಿನ್ನತೆ, ನಿದ್ದೆಗೇಡು, ಬದುಕು ಬೇಡವೆಂಬ ಯೋಚನೆಗಳು ಹವೆಯ ಮಾತಾಗಿ ಉಳಿಯುವುದಿಲ್ಲ. ಅವಕ್ಕೆ ವೈದ್ಯರ ನೆರವು ಬೇಕು, 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಹಿಂಗಾರಿನ ಕೊನೆಗೆ ಮತ್ತೊಂದು ಬಗೆಯ ಮೋಡ ಬರುತ್ತದೆ. ಕಡಲೆ ಹೂಬಿಟ್ಟು ಕಾಯಿಗಟ್ಟುವ ಡಿಸೆಂಬರಿನಲ್ಲಿ ನಾಲ್ಕು ದಿನ ಬಿಸಿಲು ಕಾಣದಿದ್ದರೆ ಕಾಯಿಕೊರಕ ಹುಳು ಹೆಚ್ಚುವ ಆತಂಕ, ಜೋಳಕ್ಕೆ ಹೇನು ಹತ್ತುವ ಆತಂಕ. ಜೂನ್ ತಿಂಗಳಿನಲ್ಲಿ ಇದೇ ಮುಗಿಲನ್ನು ನೋಡಿ ಹಿಗ್ಗಿದ್ದ ರೈತ ಈಗ ಅದೇ ಬದುವಿನ ಮೇಲೆ ನಿಂತು ಪೂರ್ವದತ್ತ ನೋಡುತ್ತಾನೆ, ಬಿಸಿಲಿಗಾಗಿ.