ದಾಳಿತೋಯದ ಬೇಳೆಯ ವಂಶವೃತ್ತಾಂತ

ಶಿರಾಲಿಯ ಸಾರಸ್ವತರ ಮನೆಗಳಲ್ಲಿ ಇಂಗು, ಸಾಸಿವೆ, ಒಣಮೆಣಸು, ಕರಿಬೇವುಗಳ ಒಗ್ಗರಣೆಯೊಡನೆ ಅನ್ನದ ಮೇಲೆ ಬೀಳುವ ದಾಳಿತೋಯದ ತೊಗರಿಬೇಳೆ ಆ ನೆಲದ್ದಲ್ಲ. ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಸುರಿಯುವ ಭಟ್ಕಳ ಸೀಮೆಯ ಗದ್ದೆಗಳು ಭತ್ತಕ್ಕೆ ಮೀಸಲು. ಬುಡದಲ್ಲಿ ನೀರು ನಿಂತರೆ ಸಹಿಸದ ತೊಗರಿಗೆ ಮಳೆ ಮಿತವಾಗಿರುವ ಕಲಬುರಗಿಯ ಎರೆನೆಲವೇ ತಕ್ಕ ಆಶ್ರಯ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತುದನ್ನು ಬಹುಜನರು ಬಲ್ಲರು. ಅದಕ್ಕೆ ಮೊದಲು ಆ ಬೆಳೆ ಯಾವ ವಿಪತ್ತನ್ನು ದಾಟಿ ಬಂದಿತೆಂಬುದನ್ನು ಬಲ್ಲವರು ವಿರಳ.

ವಿಪತ್ತಿನ ಹೆಸರು ನೆಟೆರೋಗ. ಹೂವಾಡಿ ಕಾಯಿಕಟ್ಟುವ ಹೊತ್ತಿನಲ್ಲಿ, ಒಕ್ಕಲಿಗನ ಲೆಕ್ಕಾಚಾರವೆಲ್ಲ ಮುಗಿದು ಫಲವೊಂದೇ ಉಳಿದಿರುವಾಗ, ಹಸಿರಾಗಿದ್ದ ಗಿಡ ನಿಂತಲ್ಲೇ ಬಾಡುತ್ತದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಿಹಾರದ ಪೂಸಾದಲ್ಲಿದ್ದ ಸಸ್ಯರೋಗತಜ್ಞ ಬಟ್ಲರ್ ಇದರ ಮೂಲ ಫ್ಯುಸೇರಿಯಂ ಎಂಬ ಶಿಲೀಂಧ್ರವೆಂದು ನಿರೂಪಿಸಿದನು. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಿಸಿರಬಲ್ಲುದಾದ್ದರಿಂದ ಔಷಧಕ್ಕಿಂತ ಬೀಜವನ್ನೇ ನಂಬಬೇಕಾಯಿತು.

1972ರಲ್ಲಿ ಹೈದರಾಬಾದಿನ ಸಮೀಪದ ಪಟಾಂಚೆರುವಿನಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ನಾನಾ ದೇಶಗಳ ತೊಗರಿ ಸಂಗ್ರಹವಾಗುತ್ತ ಬಂದು, ಮಾದರಿಗಳ ಸಂಖ್ಯೆ ಇಂದು 13,000ವನ್ನು ಮೀರಿದೆ. ಗಿಡಕ್ಕೆ ಎಷ್ಟು ಕಾಯಿ, ಕಾಯಿಗೆ ಎಷ್ಟು ಕಾಳು, ನೂರು ಕಾಳಿನ ತೂಕವೆಷ್ಟು, ಹೂವಾಡಲು ಎಷ್ಟು ದಿನ ಎಂದು ಒಂದೊಂದನ್ನೂ ಅಳೆಯುವುದು ಬೇಸರದ ಕೆಲಸವೆನಿಸಬಹುದು. ಆದರೆ ಜೇನ್ನೊಣಗಳು ಹೂವಿನಿಂದ ಹೂವಿಗೆ ಪರಾಗವನ್ನೊಯ್ದು ಕುಲಸಂಕರ ಮಾಡುತ್ತಲೇ ಇರುವುದರಿಂದ, ಒಂದೇ ಹೊಲದ ನಾಡತಳಿಯಲ್ಲಿಯೂ ಗಿಡಗಿಡಕ್ಕೆ ಗುಣಭೇದವಿರುತ್ತದೆ. ರೋಗವನ್ನು ಬೇಕೆಂದೇ ನೆಲೆಗೊಳಿಸಿದ ಮಡಿಗಳಲ್ಲಿ ಇವನ್ನು ಬಿತ್ತಿ, ಸಾಯದೆ ಉಳಿದವನ್ನು ಆಯುತ್ತ ಹೋದಾಗ, ಮಹಾರಾಷ್ಟ್ರ ಮೂಲದ ಒಂದು ಮಾದರಿಯಿಂದ ಐಸಿಪಿ 8863 ಎಂಬ ಶುದ್ಧ ಸಂತತಿ ದೊರೆಯಿತು. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ‘ಮಾರುತಿ’ ಅದೇ.

ಮಾರುತಿ ನೆಟೆಯನ್ನು ಗೆದ್ದಿತು, ನುಸಿಯಿಂದ ಹರಡುವ ಬಂಜೆರೋಗಕ್ಕೆ ಸೋತಿತು. ಎರಡನ್ನೂ ತಾಳುವ ‘ಆಶಾ’ 1993ರಲ್ಲಿ ಬಂದಿತು. 2012ರಲ್ಲಿ ವಂಶವಾಹಿಗಳ ಕರಡು ನಕ್ಷೆ ಪ್ರಕಟವಾದುದೂ ಆ ಆಶಾ ತಳಿಯದೇ. ಒಂದೇ ತಳಿ ಸಾವಿರಾರು ಹೊಲಗಳನ್ನು ಆಕ್ರಮಿಸುವುದನ್ನು ವಿಜಯವೆಂದು ಬಗೆಯಲು ನನ್ನ ಮನಸ್ಸು ಒಪ್ಪದು. ಇಳುವರಿಯ ಆಸೆಯಿಂದ ಆಯ್ದಷ್ಟೂ ಕೃಷಿತಳಿಗಳ ಆನುವಂಶಿಕ ವೈವಿಧ್ಯ ಕಿರಿದಾಗುತ್ತದೆ. ಕಳೆದುಕೊಂಡುದನ್ನು ಹುಡುಕಲು ಕಾಡಿನ ಬಂಧುಗಳ ಬಳಿಗೇ ಹೋಗಬೇಕಾಗುತ್ತದೆ.

ಆ ಬಂಧುಗಳಲ್ಲಿ ಒಂದು, ಕಜಾನಸ್ ಸ್ಕ್ಯಾರಬಿಯಾಯ್ಡಿಸ್, ಪಶ್ಚಿಮಘಟ್ಟದ ಅಡಿಯ ಹುಲ್ಲುಬೇಣಗಳಲ್ಲಿ ಹಬ್ಬುವ ತೆಳುಬಳ್ಳಿ. ಅದರ ಕಾಯಿ ಒಡೆದು ಕಾಳು ಚೆಲ್ಲುವುದರಿಂದ ಅಡಿಗೆಗೆ ಪ್ರಯೋಜನವಿಲ್ಲ. ಆದರೆ ಕಾಯಿಯ ಮೇಲಿನ ದಟ್ಟ ರೋಮಗಳು ಕಾಯಿಕೊರಕ ಹುಳುವಿಗೆ ತಡೆಯಾಗಿವೆ. ಇದನ್ನು ತೊಗರಿಯೊಡನೆ ಸಂಕರಿಸಿ ಪರಾಗಹೀನ ಸಸ್ಯಗಳನ್ನು ಪಡೆದು, ಅವುಗಳ ಆಧಾರದಿಂದ ಗುಜರಾತಿನಲ್ಲಿ ಜಿಟಿಎಚ್-1 ಎಂಬ ಹೈಬ್ರಿಡ್ ತೊಗರಿಯನ್ನು 2004ರಲ್ಲಿ ಬಿಡುಗಡೆ ಮಾಡಿದರು. ಹೈಬ್ರಿಡ್ ಬೀಜವನ್ನಾದರೋ ಪ್ರತಿವರ್ಷವೂ ಕೊಳ್ಳಬೇಕು. ಕಣಜದ ಕಾಳನ್ನೇ ಬಿತ್ತಿ ಬಂದ ರೈತನು ಇದಕ್ಕೆ ಹಿಂದೆಮುಂದೆ ನೋಡಿದರೆ ಆಶ್ಚರ್ಯವಿಲ್ಲ.