ಹಾಡಿನ ಸಿಡಿಯನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ?

ಯಲಹಂಕದಲ್ಲಿ ನೆಲೆಸಿರುವ ನಮ್ಮ ಊರಿನ ಕುಟುಂಬವೊಂದರ ಮನೆಗೆ ಇತ್ತೀಚೆಗೆ ಹೋಗಿದ್ದೆ. 2005ರಲ್ಲಿ ಅವರ ಮಗಳ ರೋಸ್ ಕಾರ್ಯಕ್ರಮದಲ್ಲಿ ಅಜ್ಜಿ ಹಾಡಿದ ವೋವಿಯೊಗಳನ್ನು ಸಂಬಂಧಿಕರು ರೆಕಾರ್ಡ್ ಮಾಡಿ ಸಿಡಿಗೆ ಹಾಕಿಸಿ ಕೊಟ್ಟಿದ್ದರು. ಅಜ್ಜಿ ಈಗಿಲ್ಲ. ಮನೆಯ ಯಜಮಾನರು ಆ ಸಿಡಿಯನ್ನು ಕಂಪ್ಯೂಟರಿಗೆ ಹಾಕಿ ಪೆನ್‌ಡ್ರೈವಿಗೆ ಕಾಪಿ ಮಾಡಿದ್ದರು. “ಹನ್ನೆರಡು ಹಾಡು ಒಂದೇ ಸೆಕೆಂಡಿನಲ್ಲಿ ಬಂತು ಮಾರಾಯ್ರೆ” ಎಂದರು. ನನಗೆ ಆಗಲೇ ಅನುಮಾನ ಬಂತು. ಹೆಬ್ಬಾಳದ ಕಡೆ ಕಾರಿನಲ್ಲಿ ಹೋಗುವಾಗ ಪೆನ್‌ಡ್ರೈವ್ ಚುಚ್ಚಿದರೆ ಒಂದು ಹಾಡೂ ಬರಲಿಲ್ಲ. ಪುಣ್ಯಕ್ಕೆ ಸಿಡಿಯನ್ನು ಅವರು ಇನ್ನೂ ಎಸೆದಿರಲಿಲ್ಲ.

ಈ ತಪ್ಪು ಅನೇಕರಿಂದ ಆಗುತ್ತದೆ. ಹಾಡಿನ ಸಿಡಿಯನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದರೆ ‘ಟ್ರ್ಯಾಕ್ 01.ಸಿಡಿಎ’ ಎಂಬಂಥ ಕಡತಗಳು ಕಾಣುತ್ತವೆ. ಒಂದೊಂದರ ಗಾತ್ರ ಬರೀ 44 ಬೈಟ್. ಅದರೊಳಗೆ ಹಾಡಿಲ್ಲ. ಹಾಡು ಡಿಸ್ಕಿನಲ್ಲಿ ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ ಇದೆ ಎಂಬ ವಿಳಾಸ ಮಾತ್ರ ಇದೆ. ಮನೆಯ ವಿಳಾಸ ಬರೆದುಕೊಂಡು ಹೋದರೆ ಮನೆ ಜೊತೆಗೆ ಬಂದೀತೇ? ಹಾಡು ಬೇಕಾದರೆ ಡಿಸ್ಕಿನಿಂದ ಧ್ವನಿಯನ್ನೇ ಓದಿ ಹೊಸ ಕಡತವಾಗಿ ಉಳಿಸಬೇಕು. ಇದಕ್ಕೆ ರಿಪ್ ಮಾಡುವುದು ಎನ್ನುತ್ತಾರೆ.

ಆಡಿಯೋ ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಅದರಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿರುತ್ತಾರೆ. ಒಂದು ನಿಮಿಷದ ಹಾಡಿಗೆ ಸುಮಾರು 10 ಎಂಬಿ ಬೇಕು. ಆದ್ದರಿಂದಲೇ ಒಂದು ಸಿಡಿಯಲ್ಲಿ 74 ಅಥವಾ 80 ನಿಮಿಷ ಮಾತ್ರ ಹಿಡಿಯುತ್ತದೆ. ಎಂಪಿ3 ವಿಧಾನದಲ್ಲಿ ಕಿವಿಗೆ ಅಷ್ಟಾಗಿ ಗೊತ್ತಾಗದ ಅಂಶಗಳನ್ನು ಬಿಟ್ಟು ಗಾತ್ರವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಬಹುದು. ಹಾಗೆ ಬಿಟ್ಟದ್ದು ಮತ್ತೆ ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಹಾಡಿಗೆ ಎಂಪಿ3 ಸಾಕು. ಅಜ್ಜಿಯ ಸ್ವರಕ್ಕೆ, ಗಾಯನ ಮಂಡಳಿಯ ಹಳೆಯ ರೆಕಾರ್ಡಿಂಗಿಗೆ ಸಾಲದು. ಅವುಗಳನ್ನು ಫ್ಲಾಕ್ ಎಂಬ ರೂಪದಲ್ಲಿ ಉಳಿಸಿ. ಇದರಲ್ಲಿ ಏನೂ ಬಿಟ್ಟುಹೋಗುವುದಿಲ್ಲ, ಗಾತ್ರ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವೇ ಇರುವುದಿಲ್ಲ. ಯುಎಸ್‌ಬಿಗೆ ಚುಚ್ಚುವ ಡಿವಿಡಿ ರೈಟರ್ ಎಸ್.ಪಿ. ರಸ್ತೆಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಆರ್.ಟಿ. ನಗರದಲ್ಲಿ ಒಬ್ಬರು, ಯಶವಂತಪುರದಲ್ಲಿ ಒಬ್ಬರು ಎಂದು ಬೇರೆ ಬೇರೆ ಕೊಳ್ಳುವ ಬದಲು ವಾರ್ಡಿನವರೆಲ್ಲ ಸೇರಿ ಒಂದನ್ನು ಕೊಂಡು ಮನೆಯಿಂದ ಮನೆಗೆ ದಾಟಿಸಿದರೆ ಸಾಕು. ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲೇ ರಿಪ್ ಮಾಡುವ ಸೌಲಭ್ಯ ಇದೆ. ಗೀರು ಬಿದ್ದ ಸಿಡಿಗೆ ಮಾತ್ರ ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ಉಚಿತ ತಂತ್ರಾಂಶ ಬಳಸಿ. ಅದು ಪ್ರತಿ ಭಾಗವನ್ನೂ ಕನಿಷ್ಠ ಎರಡು ಸಲ ಓದಿ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಮತ್ತೆ ಮತ್ತೆ ಓದುತ್ತದೆ. ಕೆಟ್ಟ ಸಿಡಿಗೆ ಗಂಟೆಗಟ್ಟಲೆ ಹಿಡಿಯಬಹುದು, ಅವಸರ ಮಾಡಬೇಡಿ. ಡಿಸ್ಕಿನಲ್ಲಿ ಮೊದಲೇ ಎಂಪಿ3 ಕಡತಗಳಿದ್ದರೆ ರಿಪ್ ಮಾಡುವ ಪ್ರಶ್ನೆಯೇ ಇಲ್ಲ, ಸುಮ್ಮನೆ ಕಾಪಿ ಮಾಡಿದರಾಯಿತು.

ಅವಸರ ಬೇಡವೆಂದು ಹೇಳಿದರೂ ತಡ ಮಾಡುವಂತಿಲ್ಲ. ಕಂಪನಿಯಿಂದ ಬರುವ ಸಿಡಿಯಲ್ಲಿ ಹಾಡು ಪ್ಲಾಸ್ಟಿಕ್ಕಿನ ಮೇಲೆ ಅಚ್ಚೊತ್ತಿದ ಸಣ್ಣ ಗುಳಿಗಳ ರೂಪದಲ್ಲಿರುತ್ತದೆ. ಮನೆಯಲ್ಲಿ ಅಥವಾ ಸ್ಟುಡಿಯೋದಲ್ಲಿ ರೈಟ್ ಮಾಡಿದ ಸಿಡಿಯಲ್ಲಿ ಗುಳಿಗಳಿಲ್ಲ, ಒಂದು ಬಣ್ಣದ ಪದರ ಇರುತ್ತದೆ. ಲೇಸರ್ ಕಿರಣ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಬರ್ನ್ ಎಂಬ ಮಾತು ಬಂದದ್ದೇ ಇದರಿಂದ. ಬಿಸಿಲಿಗೆ ಬಟ್ಟೆಯ ಬಣ್ಣ ಮಾಸುವಂತೆ ಈ ಬಣ್ಣವೂ ಮಾಸುತ್ತದೆ. ಶಾಖ ಮತ್ತು ತೇವ ಎರಡೂ ಅದಕ್ಕೆ ಆಗುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲ ಕಳೆದು ಬೆಂಗಳೂರಿಗೆ ಬಂದ ಸಿಡಿಗಳ ಗತಿ ನೀವೇ ಊಹಿಸಿ. ಇನ್ನೊಂದು ಮಾತು: ಎಲ್ಲರೂ ಹೊಳೆಯುವ ಬದಿಗೆ ಗೀರು ಬೀಳದಂತೆ ನೋಡಿಕೊಳ್ಳುತ್ತಾರೆ, ಆದರೆ ಹೆಸರು ಬರೆಯುವ ಬದಿಯೇ ಹೆಚ್ಚು ನಾಜೂಕು. ಬಣ್ಣದ ಪದರ ಇರುವುದು ಅದರ ಕೆಳಗೇ, ನಡುವೆ ತೆಳ್ಳನೆಯ ಲೇಪ ಮಾತ್ರ. ಬಾಲ್‌ಪೆನ್ನಿನಿಂದ ಒತ್ತಿ ಬರೆದು ಹಾಳಾದ ಸಿಡಿಗಳನ್ನು ನಾನೇ ಕಂಡಿದ್ದೇನೆ.

ಹೊಸದಾಗಿ ಸಿಡಿ ರೈಟ್ ಮಾಡುವ ಅಗತ್ಯ ಈಗ ಕಡಿಮೆ. ಆದರೂ ಮೊಬೈಲ್ ಒಗ್ಗದ ಹಿರಿಯರಿಗೆ, ಹಳೆಯ ಕಾರಿಗೆ ಸಿಡಿಯೇ ಅನುಕೂಲ. ಆಗ ‘ಆಡಿಯೋ ಸಿಡಿ’ ಎಂದೇ ಆರಿಸಿ. ‘ಡಾಟಾ ಸಿಡಿ’ ಎಂದು ಆರಿಸಿದರೆ ಹಳೆಯ ಪ್ಲೇಯರುಗಳು ಓದದೆ ಸುಮ್ಮನಾಗುತ್ತವೆ. ವೇಗ 8 ಅಥವಾ 16 ಇರಲಿ. ಖಾಲಿ ಸಿಡಿಗಳು ಮೊದಲಿನ ಹಾಗೆ ಮೂಲೆ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ಕಾಲದಲ್ಲಿ ಮನೆಮನೆಯಲ್ಲಿದ್ದ ಮೋಸರ್ ಬೇರ್ ಸಿಡಿಗಳ ಕಂಪನಿಯನ್ನೇ ಮುಚ್ಚಲು 2018ರಲ್ಲಿ ಆದೇಶವಾಯಿತು.

ಕೊಂಡು ತಂದ ಸಿಡಿಯನ್ನು ಕಾಪಿ ಮಾಡಬಹುದೇ ಎಂದು ಕೆಲವರು ಕೇಳುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ ನ್ಯಾಯವಾದ ಮಿತಿಯೊಳಗೆ ಅವಕಾಶ ಕೊಟ್ಟಿದೆ. 2012ರ ತಿದ್ದುಪಡಿಯ ಬಳಿಕ ಇದು ಧ್ವನಿಮುದ್ರಣಕ್ಕೂ ಅನ್ವಯಿಸುತ್ತದೆ. ಧಾರ್ಮಿಕ ವಿಧಿಯಲ್ಲಿ, ಮದುವೆಯ ಸಮಾರಂಭದಲ್ಲಿ ಹಾಡನ್ನು ಹಾಡುವುದಕ್ಕೂ ನುಡಿಸುವುದಕ್ಕೂ ಅದೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಪ್ರತಿ ಮಾಡಿ ಹಂಚುವುದು, ಮಾರುವುದು ಬೇರೆ ಮಾತು. ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. ಒಪ್ಪಿಕೊಳ್ಳುತ್ತೇನೆ, ಒಂದು ಸಿಡಿ ಕೊಂಡು ಹತ್ತು ಮಾಡಿ ಬಲಿಪೂಜೆಯ ನಂತರ ಹಂಚಿದವರಲ್ಲಿ ನಾನೂ ಒಬ್ಬ. 2010ರಲ್ಲಿ ನಮ್ಮನ್ನಗಲಿದ ವಿಲ್ಫಿ ರೆಬಿಂಬಸ್ ಅವರಂಥ ಕೊಂಕಣಿ ಕಲಾವಿದರಿಗೆ ಇದ್ದ ಮಾರುಕಟ್ಟೆ ಹಿಂದಿ ಹಾಡಿನಂತೆ ದೊಡ್ಡದಲ್ಲ. ನಾವು ಹಂಚಿದ ಆ ಒಂಬತ್ತು ಸಿಡಿಗಳ ಹಣ ಅವರ ಕೈಸೇರಲಿಲ್ಲ.

ಇಳಿಸಿದ ಮೇಲೆ ಹೆಸರು ಹಾಕುವ ಕೆಲಸ ಇದೆ. ಕಂಪ್ಯೂಟರ್ ಇಂಟರ್ನೆಟ್ಟಿನಿಂದ ತಾನೇ ಹೆಸರು ತುಂಬಲು ನೋಡುತ್ತದೆ. ಕೊಂಕಣಿ, ಕನ್ನಡ ಸಿಡಿಗಳ ವಿಷಯದಲ್ಲಿ ಅದನ್ನು ನಂಬಬೇಡಿ, ಇನ್ಯಾರದೋ ಇಂಗ್ಲಿಷ್ ಹಾಡಿನ ಹೆಸರು ಬಂದು ಕೂತಿರುತ್ತದೆ. ಹಾಡಿದವರು ಯಾರು, ಎಲ್ಲಿ, ಯಾವ ವರ್ಷ ಎಂಬುದನ್ನು ಗೊತ್ತಿರುವ ಹಿರಿಯರನ್ನು ಕೇಳಿ ಬರೆಯಿರಿ. ಕಾರಿನ ಪ್ಲೇಯರ್ ಕನ್ನಡ ಅಕ್ಷರ ತೋರಿಸದಿದ್ದರೆ ಕಡತದ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಮುಂದೆ 01, 02 ಎಂದು ಹಾಕಿ. ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ ಇರಲಿ. ಇನ್ನೊಂದನ್ನು ಯಶವಂತಪುರದಲ್ಲಿ ಮಂಗಳೂರು ರೈಲು ಹತ್ತುವ ಯಾರ ಕೈಯಲ್ಲಾದರೂ ಊರಿನ ಮನೆಗೆ ಕಳುಹಿಸಿ.

ಯಲಹಂಕದ ಆ ಸಿಡಿಯನ್ನು ಓದಿಸಲು ಒಂದು ಇಡೀ ಭಾನುವಾರ ಹಿಡಿಯಿತು. ಹತ್ತು ವೋವಿಯೊಗಳು ಸರಿಯಾಗಿ ಬಂದವು. ಸಿಡಿಯನ್ನು ಓದುವುದು ಒಳಗಿನಿಂದ ಹೊರಕ್ಕೆ, ಆದ್ದರಿಂದ ಕೊನೆಯ ಹಾಡುಗಳು ಹೊರ ಅಂಚಿನಲ್ಲಿರುತ್ತವೆ. ಅಲ್ಲಿ ಬಣ್ಣ ಹೋಗಿತ್ತು. ಕೊನೆಯ ಎರಡು ಬರಲೇ ಇಲ್ಲ. ಮದುವೆಯ ಸಮಯದಲ್ಲಿ ಐದು ಪ್ರತಿ ಮಾಡಿಸಿದ್ದರಂತೆ. ಈಗ ಮುಂಬಯಿಯ ಚಿಕ್ಕಮ್ಮನ ಮನೆಯಲ್ಲಿ ಹುಡುಕುತ್ತಿದ್ದಾರೆ.