ಭೂಚೇತನ ಯೋಜನೆ

ಭೂಚೇತನವು ಕರ್ನಾಟಕದ ಮಳೆಯಾಶ್ರಿತ ಪ್ರದೇಶಗಳಲ್ಲಿ ಮಣ್ಣಿನ ಪರೀಕ್ಷೆಯ ಆಧಾರದ ಮೇಲೆ ಪೋಷಕಾಂಶಗಳನ್ನು ಒದಗಿಸಿ ಬೆಳೆಗಳ ಇಳುವರಿಯನ್ನು ಹೆಚ್ಚಿಸಲು 2009ರಲ್ಲಿ ಆರಂಭವಾದ ಸರ್ಕಾರಿ ಯೋಜನೆ. ರಾಜ್ಯ ಕೃಷಿ ಇಲಾಖೆಯು ಹೈದರಾಬಾದ್ ಸಮೀಪದ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ ಹಾಗೂ ಕೃಷಿ ವಿಶ್ವವಿದ್ಯಾಲಯಗಳ ಸಹಭಾಗಿತ್ವದಲ್ಲಿ ಇದನ್ನು ಕಾರ್ಯಗತಗೊಳಿಸಿತು. ಮೊದಲಿಗೆ 6 ಜಿಲ್ಲೆಗಳಲ್ಲಿ ಜಾರಿಗೊಂಡ ಯೋಜನೆಯು ಕ್ರಮೇಣ ಎಲ್ಲ 30 ಜಿಲ್ಲೆಗಳಿಗೆ ವಿಸ್ತರಿಸಿತು. ಇಳುವರಿಯನ್ನು ಶೇ. 20ರಷ್ಟು ಹೆಚ್ಚಿಸುವುದು ಇದರ ಗುರಿಯಾಗಿತ್ತು. 2013ರಲ್ಲಿ ಇದರ ಮುಂದುವರಿಕೆಯಾಗಿ ಭೂಸಮೃದ್ಧಿ ಯೋಜನೆ ಆರಂಭವಾಯಿತು.

ಹಿನ್ನೆಲೆ

ಒಣಬೇಸಾಯದ ಭೂಮಿಯಲ್ಲಿ ಕಡಿಮೆ ಇಳುವರಿಗೆ ನೀರಿನ ಅಭಾವವೊಂದೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತಿತ್ತು. ಆದರೆ ರೈತರ ಹೊಲಗಳಿಂದ ಸಂಗ್ರಹಿಸಿದ ಮಣ್ಣಿನ ಮಾದರಿಗಳಲ್ಲಿ ಗಂಧಕ, ಸತು ಮತ್ತು ಬೋರಾನ್ ಕೊರತೆ ವ್ಯಾಪಕವಾಗಿ ಕಂಡುಬಂದಿತು. ಸಾರಜನಕ, ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳನ್ನು ಮಾತ್ರ ಬಳಸುವುದರಿಂದ ಈ ಕೊರತೆ ನೀಗುವುದಿಲ್ಲ.

ಕಾರ್ಯವಿಧಾನ

ಪರೀಕ್ಷೆಯ ಫಲಿತಾಂಶಗಳನ್ನು ಆಧರಿಸಿ ಜಿಪ್ಸಂ, ಸತುವಿನ ಸಲ್ಫೇಟ್ ಮತ್ತು ಬೊರಾಕ್ಸ್‌ಗಳ ಪ್ರಮಾಣವನ್ನು ತಾಲ್ಲೂಕುವಾರು ಶಿಫಾರಸು ಮಾಡಲಾಯಿತು. ಇವುಗಳನ್ನು ರೈತ ಸಂಪರ್ಕ ಕೇಂದ್ರಗಳ ಮೂಲಕ ಶೇ. 50ರ ಸಹಾಯಧನದಲ್ಲಿ ವಿತರಿಸಲಾಯಿತು. ಗ್ರಾಮ ಮಟ್ಟದಲ್ಲಿ ಆಯ್ಕೆಯಾದ ರೈತ ಅನುವುಗಾರರು ಗೌರವಧನ ಪಡೆದು ಮಾಹಿತಿಯನ್ನು ಇತರ ರೈತರಿಗೆ ತಲುಪಿಸಿದರು. ಗೋಡೆ ಬರಹಗಳನ್ನೂ ಪ್ರಚಾರಕ್ಕೆ ಬಳಸಲಾಯಿತು.

ಆರ್ಥಿಕ ಸ್ವರೂಪ ಮತ್ತು ಸುಸ್ಥಿರತೆ

ಯೋಜನೆಯ ವೆಚ್ಚದ ಬಹುಪಾಲನ್ನು ಸರ್ಕಾರವೇ ಭರಿಸಿತು. ಪೋಷಕಾಂಶಗಳ ಉಳಿದ ಬೆಲೆಯನ್ನು ರೈತರು ತೆತ್ತರು. ಇಂತಹ ಮಾದರಿಯು ಅಲ್ಪಾವಧಿಯಲ್ಲಿ ವಿಸ್ತಾರವಾದ ಪ್ರದೇಶವನ್ನು ತಲುಪಬಲ್ಲದು. ಆದರೆ ಅನುದಾನ ಕಡಿತಗೊಂಡಾಗ ಅನುವುಗಾರರ ಸೇವೆಯೂ ಪೋಷಕಾಂಶಗಳ ಪೂರೈಕೆಯೂ ಕುಂಠಿತಗೊಳ್ಳುವ ಅಪಾಯವಿರುತ್ತದೆ. ಸತುವಿನ ಪರಿಣಾಮವು ಮಣ್ಣಿನಲ್ಲಿ ಹಲವು ಹಂಗಾಮುಗಳವರೆಗೆ ಉಳಿಯುವುದರಿಂದ ಅದನ್ನು ಪ್ರತಿ ವರ್ಷ ಖರೀದಿಸಬೇಕಾಗಿಲ್ಲ. ಇದು ರೈತನಿಗೆ ಲಾಭಕರವಾದರೂ ಮಾರಾಟವನ್ನೇ ಅವಲಂಬಿಸಿದ ಸೇವಾಸಂಸ್ಥೆಗೆ ನಿಯಮಿತ ಆದಾಯ ದೊರೆಯುವುದಿಲ್ಲ.

ಸುಸ್ಥಿರತೆಗಾಗಿ ರೈತ ಉತ್ಪಾದಕ ಸಂಸ್ಥೆಗಳನ್ನು ಬಳಸಿಕೊಳ್ಳುವುದು ಒಂದು ಮಾರ್ಗ. ಸದಸ್ಯರ ಷೇರು ಬಂಡವಾಳ, ಒಟ್ಟಾಗಿ ಖರೀದಿಸುವುದರಿಂದಾಗುವ ಉಳಿತಾಯ ಮತ್ತು ಬೆಳೆ ಮಾರಾಟದಿಂದ ಬರುವ ಕಮಿಷನ್‌ನಿಂದ ಇವು ಮಣ್ಣು ಪರೀಕ್ಷೆಯ ವೆಚ್ಚವನ್ನು ಭರಿಸಬಹುದು. ಆದರೆ ಪರೀಕ್ಷೆ ನಡೆಸುವವರೇ ಗೊಬ್ಬರ ಮಾರುವವರಾದರೆ ಅಗತ್ಯಕ್ಕಿಂತ ಹೆಚ್ಚು ಶಿಫಾರಸು ಮಾಡುವ ಹಿತಾಸಕ್ತಿ ಸಂಘರ್ಷ ಉಂಟಾಗಬಹುದು. ಬೋರಾನ್ ಮಿತಿಮೀರಿದರೆ ಬೆಳೆಗೆ ವಿಷಕಾರಿಯಾಗುವುದರಿಂದ ಪರೀಕ್ಷೆ ಮತ್ತು ಮಾರಾಟವನ್ನು ಪ್ರತ್ಯೇಕವಾಗಿಡುವುದು ಸೂಕ್ತ. ಗೇಣಿ ರೈತರ ಸಮಸ್ಯೆ ಬೇರೆ ಬಗೆಯದು: ಸಾವಯವ ಇಂಗಾಲ ಹೆಚ್ಚಲು ಹಲವು ವರ್ಷಗಳು ಬೇಕಾಗುವುದರಿಂದ, ಅಲ್ಪಾವಧಿಗೆ ಗೇಣಿ ಪಡೆದವರು ಹೂಡಿದ ಹಣದ ಫಲವು ಭೂಮಾಲೀಕರಿಗೆ ಸೇರಬಹುದು.

ಸಂಬಂಧಿತ ಯೋಜನೆಗಳು

ಕೇಂದ್ರ ಸರ್ಕಾರವು 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆಗೆ ಚಾಲನೆ ನೀಡಿತು. ಈ ಚೀಟಿಯು ರಸಸಾರ, ಸಾವಯವ ಇಂಗಾಲ ಮತ್ತು ಸೂಕ್ಷ್ಮ ಪೋಷಕಾಂಶಗಳೂ ಸೇರಿದಂತೆ 12 ಅಂಶಗಳ ವಿವರ ನೀಡುತ್ತದೆ. 10,000 ರೈತ ಉತ್ಪಾದಕ ಸಂಸ್ಥೆಗಳನ್ನು ರಚಿಸುವ ಕೇಂದ್ರ ಯೋಜನೆಯು 2020ರಲ್ಲಿ ಆರಂಭವಾಯಿತು.